ಹೆಸರು ಇಬ್ಬರದು, ಮೆಸೇಜು ಯಾರ ಫೋನಿಗೆ?

(ಚಿಕ್ಕಮ್ಮ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ಮ್ಯಾನೇಜರ್ ಆಗಿ ನಿವೃತ್ತರಾದವರು. ಅವನು ಅವರ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಹೆಂಡತಿಯೂ ದುಡಿಯುತ್ತಾಳೆ.)

ಅವನು: ಚಿಕ್ಕಮ್ಮಾ, ನಾವಿಬ್ಬರೂ ಜಾಯಿಂಟ್ ಅಕೌಂಟ್ ಮಾಡಿಸೋಣ ಅಂತಿದ್ದೀವಿ. ಇಬ್ಬರ ಸಂಬಳವೂ ಅದಕ್ಕೇ ಬಂದುಬಿಟ್ಟರೆ ನನ್ನದು ನಿನ್ನದು ಅನ್ನೋ ಮಾತೇ ಇರಲ್ಲ, ಅಲ್ವಾ?

ಚಿಕ್ಕಮ್ಮ: ಈಗ ಮನೆ ಖರ್ಚು ಹೇಗೆ ನಡೀತಿದೆ, ಅದು ಹೇಳು ಮೊದಲು.

ಅವನು: ಬಾಡಿಗೆ ನಾನು ಕೊಡ್ತೀನಿ. ದಿನಸಿ, ಹಾಲು, ತರಕಾರಿ ಅವಳು. ಕರೆಂಟ್ ಬಿಲ್ಲು ಯಾರಿಗೆ ನೆನಪಾಗುತ್ತೋ ಅವರು. ತಿಂಗಳ ಕೊನೆಗೆ ನೋಡಿದ್ರೆ ಇಬ್ಬರಿಗೂ ತಾನೇ ಜಾಸ್ತಿ ಖರ್ಚು ಮಾಡಿದೆ ಅನ್ನಿಸಿರುತ್ತೆ.

ಚಿಕ್ಕಮ್ಮ: ಅನ್ನಿಸದೆ ಇರುತ್ತಾ? ಬಾಡಿಗೆ ಒಂದೇ ಸಲಕ್ಕೆ ಹೋಗುತ್ತೆ, ಕೊಟ್ಟವನಿಗೆ ಚೆನ್ನಾಗಿ ನೆನಪಿರುತ್ತೆ. ಕೊತ್ತಂಬರಿ ಸೊಪ್ಪು, ಗ್ಯಾಸು, ಕೆಲಸದವಳ ಸಂಬಳ, ಯಾರದೋ ಗೃಹಪ್ರವೇಶಕ್ಕೆ ಮುಯ್ಯಿ, ಇವೆಲ್ಲ ಇಪ್ಪತ್ತು, ಇನ್ನೂರು, ಐನೂರು ಅಂತ ಹೋಗ್ತಾ ಇರುತ್ತೆ. ಕೂಡಿಸಿ ನೋಡಿದವರಿಲ್ಲ. ಅವಳದು ನಿನ್ನ ಬಾಡಿಗೆಗಿಂತ ಜಾಸ್ತಿ ಆಗಿದ್ರೂ ನಂಗೇನೂ ಆಶ್ಚರ್ಯ ಇಲ್ಲ. ಇದಕ್ಕೆ ಜಾಯಿಂಟ್ ಅಕೌಂಟ್ ಒಳ್ಳೇ ಮದ್ದು. ಖರ್ಚೆಲ್ಲ ಒಂದೇ ಪಾಸ್‌ಬುಕ್ಕಲ್ಲಿ ಇರುತ್ತೆ, ಯಾರು ಕೊಟ್ಟರು ಅನ್ನೋ ಪ್ರಶ್ನೆ ಏಳಲ್ಲ. ಆದರೆ ಸಂಬಳ ಪೂರ್ತಿ ಅದಕ್ಕೇ ಹಾಕ್ತೀವಿ ಅಂದ್ಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಅವನು: ಯಾಕೆ? ನಂಬಿಕೆ ಇದ್ದ ಮೇಲೆ ಬೇರೆ ಬೇರೆ ಯಾಕಿರಬೇಕು?

ಚಿಕ್ಕಮ್ಮ: ಅದಕ್ಕೆ ಆಮೇಲೆ ಬರೋಣ. ಮೊದಲು ಜಾಯಿಂಟ್ ಅಂದ್ರೆ ಏನು ಅಂದ್ಕೊಂಡಿದ್ದೀಯ ಹೇಳು.

ಅವನು: ಇಬ್ಬರ ಹೆಸರಲ್ಲಿರೋ ಖಾತೆ. ಇಬ್ಬರೂ ದುಡ್ಡು ಹಾಕಬಹುದು, ತೆಗೀಬಹುದು.

ಚಿಕ್ಕಮ್ಮ: ಹಾಕೋದಂತೂ ಯಾರು ಬೇಕಾದ್ರೂ ಹಾಕಬಹುದು, ದಾರೀಲಿ ಹೋಗೋನು ಹಾಕಿದ್ರೂ ಬ್ಯಾಂಕು ಬೇಡ ಅನ್ನಲ್ಲ. ತೆಗೆಯೋದು ಬೇರೆ ವಿಚಾರ. ಫಾರಂನಲ್ಲಿ ‘ಮೋಡ್ ಆಫ್ ಆಪರೇಷನ್’ ಅಂತ ಒಂದು ಸಾಲು ಇರುತ್ತೆ, ಯಾರೂ ಓದಲ್ಲ. ಕೌಂಟರಲ್ಲಿರೋರು ಎಲ್ಲಿ ಟಿಕ್ ಮಾಡಿ ಅಂತಾರೋ ಅಲ್ಲಿ ಮಾಡಿ ಎದ್ದು ಬರ್ತಾರೆ. ‘ಐದರ್ ಆರ್ ಸರ್ವೈವರ್’ ಅಂತ ಇದ್ರೆ ಇಬ್ಬರಲ್ಲಿ ಯಾರು ಬೇಕಾದ್ರೂ ಒಬ್ಬರೇ ಸಹಿ ಹಾಕಿ ತೆಗೀಬಹುದು, ಒಬ್ಬರು ತೀರಿಕೊಂಡರೆ ಉಳಿದವರಿಗೆ ಸಿಗುತ್ತೆ. ‘ಫಾರ್ಮರ್ ಆರ್ ಸರ್ವೈವರ್’ ಅಂತಿದ್ರೆ ಮೊದಲ ಹೆಸರಿನವರು ಬದುಕಿರೋ ತನಕ ಅವರೊಬ್ಬರೇ. ‘ಜಾಯಿಂಟ್ಲಿ’ ಅಂತಿದ್ರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು. ಅಂಥ ಖಾತೆಗೆ ಸಾಮಾನ್ಯವಾಗಿ ಎಟಿಎಂ ಕಾರ್ಡೂ ಕೊಡಲ್ಲ. ಸಂಘ ಸಂಸ್ಥೆಗೆ ಅದು ಸರಿ, ಹಾಲು ತರಕಾರಿಗೆ ಆಗಲ್ಲ.

ಅವನು: ಅಂದ್ರೆ ಪಾಸ್‌ಬುಕ್ಕಲ್ಲಿ ಇಬ್ಬರ ಹೆಸರು ಇದ್ರೂ ಒಬ್ಬರು ದುಡ್ಡು ಮುಟ್ಟೋ ಹಾಗಿಲ್ಲ ಅಂತ ಆಗಬಹುದಾ?

ಚಿಕ್ಕಮ್ಮ: ಆಗಬಹುದು ಏನು ಬಂತು, ಆಗಿದ್ದನ್ನ ಕಣ್ಣಾರೆ ನೋಡಿದ್ದೀನಿ. ನಾನಿದ್ದ ಒಂದು ಶಾಖೆಗೆ ಒಬ್ಬ ಹೆಂಗಸು ಬಂದ್ರು. ಪಾಸ್‌ಬುಕ್ಕನ್ನ ಹಾಲಿನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೆರಗಿನೊಳಗೆ ಇಟ್ಕೊಂಡಿದ್ರು. ಗಂಡನಿಗೆ ಲಕ್ವ ಹೊಡೆದು ಆಸ್ಪತ್ರೇಲಿ ಮಾತಿಲ್ಲದೆ ಮಲಗಿದ್ದ. ಅಡ್ವಾನ್ಸ್ ಕಟ್ಟಿ ಅಂತ ಆಸ್ಪತ್ರೆಯವರು ಕೂತಿದ್ರು. ‘ಇಬ್ಬರ ಹೆಸರೂ ಇದೆ ನೋಡಿ ಮೇಡಂ’ ಅಂತ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ್ರು. ಕಂಪ್ಯೂಟರಲ್ಲಿ ನೋಡಿದ್ರೆ ಫಾರ್ಮರ್ ಆರ್ ಸರ್ವೈವರ್. ಗಂಡ ಬದುಕಿದ್ದಾನೆ, ಆದ್ದರಿಂದ ಆ ಹೆಂಗಸಿಗೆ ಒಂದು ರೂಪಾಯಿ ತೆಗೆಯೋ ಅಧಿಕಾರ ಇಲ್ಲ. ಖಾತೆ ಮಾಡಿಸಿ ಎಷ್ಟೋ ವರ್ಷ ಆಗಿತ್ತು, ಆವತ್ತಿನವರೆಗೂ ಆಕೆಗೆ ಅದು ಗೊತ್ತಿರಲಿಲ್ಲ.

ಅವನು: ಕೊನೆಗೆ ಏನು ಮಾಡಿದ್ರಿ?

ಚಿಕ್ಕಮ್ಮ: ಕಾಯಿಲೆಯಿಂದ ಸಹಿ ಮಾಡಲಾಗದವರ ಹೆಬ್ಬೆಟ್ಟು ತಗೋಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕೈಬೆರಳು ಆಗದಿದ್ರೆ ಕಾಲಿನ ಹೆಬ್ಬೆರಳೂ ಆಗುತ್ತೆ. ಬ್ಯಾಂಕಿಗೆ ಗೊತ್ತಿರೋ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ ಆಗಿರಬೇಕು. ನಾನೇ ಸ್ಟ್ಯಾಂಪ್ ಪ್ಯಾಡ್ ಬ್ಯಾಗಿಗೆ ಹಾಕ್ಕೊಂಡು ಆಸ್ಪತ್ರೆಗೆ ಹೋದೆ. ಮನುಷ್ಯನ ಕೈಗೆಲ್ಲ ಡ್ರಿಪ್ಪು, ಹೆಬ್ಬೆರಳು ಊದಿಕೊಂಡು ಗುರುತು ಸರಿಯಾಗಿ ಬೀಳ್ತಾ ಇರಲಿಲ್ಲ. ಆಕೆ ಪಕ್ಕದಲ್ಲಿ ನಿಂತು ಬೆರಳನ್ನ ಒರೆಸಿ ಒರೆಸಿ ಕೊಡ್ತಾ ಇದ್ರು. ಫಾರಂ ತುಂಬೋ ದಿನ ಆ ಒಂದು ಟಿಕ್ ಸರಿಯಾಗಿ ಬಿದ್ದಿದ್ರೆ ಇದ್ಯಾವುದೂ ಬೇಕಿರಲಿಲ್ಲ. ಎಷ್ಟೋ ಗಂಡಸರು ಬೇಕೂಂತ್ಲೇ ಫಾರ್ಮರ್ ಹಾಕಿಸ್ತಾರೆ, ಅದೂ ಗೊತ್ತು ನಂಗೆ. ಹೆಂಡತಿ ಹೆಸರು ಸೇರಿಸಿದ ಹಾಗೂ ಆಯ್ತು, ಕೀಲಿಕೈ ಕೊಡದ ಹಾಗೂ ಆಯ್ತು.

ಅವನು: ನಾವು ಐದರ್ ಆರ್ ಸರ್ವೈವರ್ ಅಂತಲೇ ಹಾಕಿಸ್ತೀವಿ ಬಿಡಿ.

ಚಿಕ್ಕಮ್ಮ: ಹಾಕಿಸು. ಅಷ್ಟಕ್ಕೇ ಮುಗೀಲಿಲ್ಲ. ಯಾರ ಫೋನ್ ನಂಬರ್ ಕೊಡ್ತೀಯ?

ಅವನು: ನನ್ನದೇ. ನನ್ನ ಫೋನಲ್ಲಿ ಎಲ್ಲ ಆ್ಯಪ್ ಇವೆಯಲ್ಲ.

ಚಿಕ್ಕಮ್ಮ: ನೋಡು, ಇಲ್ಲೇ ಇರೋದು ವಿಷಯ. ನಮ್ಮ ಕಾಲದಲ್ಲಿ ಖಾತೆ ಯಾರ ಕೈಲಿದೆ ಅಂತ ಚೆಕ್ ಬುಕ್ ನೋಡಿದ್ರೆ ತಿಳೀತಿತ್ತು. ಈಗ ಫೋನ್ ನಂಬರ್ ನೋಡಬೇಕು. ಯುಪಿಐ ಮಾಡಬೇಕಾದ್ರೆ ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನ ಸಿಮ್ಮು ಆ ಫೋನಲ್ಲೇ ಇರಬೇಕು. ಓಟಿಪಿ, ಖರ್ಚಿನ ಮೆಸೇಜು ಎಲ್ಲ ಅದಕ್ಕೇ. ನಿನ್ನ ನಂಬರ್ ಒಂದೇ ಇದ್ರೆ, ತರಕಾರಿ ಗಾಡಿಯ ಮುಂದೆ ನಿಂತು ಸ್ಕ್ಯಾನ್ ಮಾಡೋಕೆ ಅವಳಿಗೆ ಆಗಲ್ಲ. ನಿಂಗೆ ಫೋನ್ ಮಾಡಿ ‘ಅರವತ್ತು ರೂಪಾಯಿ ಹಾಕ್ರೀ’ ಅನ್ನಬೇಕು. ಹೆಸರು ಇಬ್ಬರದು, ವ್ಯವಹಾರ ಒಬ್ಬರದು. ನಿಮ್ಮಮ್ಮನ ಗೃಹಲಕ್ಷ್ಮಿ ದುಡ್ಡು ಬಂತು ಅನ್ನೋ ಮೆಸೇಜ್ ಯಾರ ಫೋನಿಗೆ ಬರುತ್ತೆ?

ಅವನು: ನನ್ನ ಫೋನಿಗೆ. ಅಮ್ಮನ ಹತ್ರ ಆಗ ಫೋನ್ ಇರಲಿಲ್ಲ…

ಚಿಕ್ಕಮ್ಮ: ಈಗ ಇದೆಯಲ್ಲ! 2023ರ ಆಗಸ್ಟಲ್ಲಿ ಮೈಸೂರಲ್ಲಿ ಆ ಯೋಜನೆ ಶುರು ಮಾಡಿದಾಗ, ಮನೆ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಹಾಕ್ತೀವಿ, ಗಂಡನ ಖಾತೆಗೆ ಮಗನ ಖಾತೆಗೆ ಅಲ್ಲ ಅಂದ್ರು. ಖಾತೆ ಅಕ್ಕನದೇ. ಬಂತೋ ಇಲ್ವೋ ಅಂತ ತಿಳ್ಕೊಳ್ಳೋಕೆ ಬೆಂಗಳೂರಲ್ಲಿರೋ ನಿನಗೆ ಫೋನ್ ಮಾಡ್ತಾಳೆ. ಮುಂದಿನ ಸಲ ಊರಿಗೆ ಹೋದಾಗ ಆ ನಂಬರ್ ಬದಲಾಯಿಸಿ ಕೊಟ್ಟು ಬಾ.

ಅವನು: ಆಯ್ತು ಚಿಕ್ಕಮ್ಮ. ಆದರೆ ಒಂದು ಖಾತೆಗೆ ಎರಡು ನಂಬರ್ ಕೊಡಬಹುದಾ?

ಚಿಕ್ಕಮ್ಮ: ಇಬ್ಬರಿಗೂ ಬ್ಯಾಂಕಲ್ಲಿ ಬೇರೆ ಬೇರೆ ಗ್ರಾಹಕ ಸಂಖ್ಯೆ ಇರುತ್ತೆ, ಇಬ್ಬರದೂ ಕೆವೈಸಿ ಆಗುತ್ತೆ. ಅವಳ ಸಂಖ್ಯೆಗೆ ಅವಳ ಫೋನು. ಕಾರ್ಡೂ ಎರಡು ಕೊಡ್ತಾರೆ, ಎರಡಕ್ಕೂ ಬೇರೆ ಬೇರೆ ಪಿನ್ನು. ಯುಪಿಐ ಇಬ್ಬರಿಗೂ ಆಗುತ್ತಾ, ಮೆಸೇಜ್ ಇಬ್ಬರಿಗೂ ಬರುತ್ತಾ ಅನ್ನೋದು ಬ್ಯಾಂಕಿನಿಂದ ಬ್ಯಾಂಕಿಗೆ ವ್ಯತ್ಯಾಸ ಇದೆ. ಕೆಲವು ಕಡೆ ಕೇಳಿದ್ರೆ ಮಾಡ್ತಾರೆ, ಕೇಳದಿದ್ರೆ ಮೊದಲ ಹೆಸರಿಗೆ ಮಾತ್ರ. ಖಾತೆ ತೆರೆಯೋಕೆ ಮುಂಚೆ ಇದೊಂದು ಪ್ರಶ್ನೆ ಕೇಳು, ಬಡ್ಡಿ ಎಷ್ಟು ಅಂತ ಆಮೇಲೆ ಕೇಳಿದ್ರೆ ಸಾಕು.

ಅವನು: ಕಾರ್ಡ್ ಒಂದೇ ಇದ್ರೂ ನಡೆಯುತ್ತಲ್ವಾ? ನಮ್ಮನೇಲಿ ನನ್ನ ಕಾರ್ಡ್ ಪಿನ್ನು ಅವಳಿಗೆ ಗೊತ್ತು, ಅವಳದು ನಂಗೆ ಗೊತ್ತು.

ಚಿಕ್ಕಮ್ಮ: ನಡೆಯೋ ತನಕ ನಡೆಯುತ್ತೆ. ಮಾರತ್ತಹಳ್ಳಿಯ ಒಬ್ಬ ಹೆಣ್ಣುಮಗಳ ಕೇಸು ಪೇಪರಲ್ಲೆಲ್ಲ ಬಂದಿತ್ತು, ನೀನು ಓದಿರಲಿಕ್ಕಿಲ್ಲ. 2013ರಲ್ಲಿ ಆಕೆ ಹೆರಿಗೆ ರಜೆಯಲ್ಲಿದ್ರು. ಕಾರ್ಡು, ಪಿನ್ನು ಗಂಡನ ಕೈಗೆ ಕೊಟ್ಟು 25,000 ರೂಪಾಯಿ ತಗೊಂಡು ಬನ್ನಿ ಅಂತ ಎಟಿಎಂಗೆ ಕಳಿಸಿದ್ರು. ಮಷೀನಿಂದ ಚೀಟಿ ಬಂತು, ದುಡ್ಡು ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತ ಆಯ್ತು. ಬ್ಯಾಂಕು ಏನು ಹೇಳ್ತು ಗೊತ್ತಾ? ಕ್ಯಾಮೆರಾದಲ್ಲಿ ಕಾಣಿಸ್ತಿರೋದು ಕಾರ್ಡಿನ ಒಡತಿ ಅಲ್ಲ, ಕಾರ್ಡು ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ, ಪಿನ್ ಹೇಳೋ ಹಾಗಿಲ್ಲ. ಗ್ರಾಹಕರ ವೇದಿಕೆಗೆ ಹೋದ್ರು. 2018ರಲ್ಲಿ ತೀರ್ಪು ಬಂದಾಗ ವೇದಿಕೆಯೂ ಬ್ಯಾಂಕಿನ ಮಾತನ್ನೇ ಎತ್ತಿಹಿಡೀತು. ಚೆಕ್ಕೋ ಅಧಿಕಾರ ಪತ್ರವೋ ಕೊಟ್ಟು ಕಳಿಸಬೇಕಿತ್ತು ಅಂತ.

ಅವನು: ಬಾಣಂತಿ ಹೋಗಿ ಕ್ಯೂ ನಿಲ್ಲಬೇಕಿತ್ತಾ? ಗಂಡನೇ ಅಲ್ವಾ ಹೋಗಿದ್ದು!

ಚಿಕ್ಕಮ್ಮ: ನಿನಗೆ ಸಿಟ್ಟು ಬಂದ ಹಾಗೆ ನಂಗೂ ಬಂದಿತ್ತು. ನಾನಿನ್ನೂ ಆಗ ಬ್ಯಾಂಕಲ್ಲೇ ಇದ್ದೆ, ಆದರೂ ಬಂದಿತ್ತು. ಏನು ಮಾಡೋದು, ಬ್ಯಾಂಕಿನ ಮುಂದೆ ಗಂಡ ಹೆಂಡತಿ ಇಬ್ಬರು ಬೇರೆ ಬೇರೆ ಗ್ರಾಹಕರು. ಆ ಖಾತೆಯಲ್ಲಿ ಗಂಡನ ಹೆಸರೂ ಇದ್ದು ಅವನ ಕಾರ್ಡಲ್ಲೇ ಅವನು ತೆಗೆಯೋಕೆ ಹೋಗಿದ್ರೆ ಬ್ಯಾಂಕಿಗೆ ಆ ನೆಪವೇ ಇರ್ತಿರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಜುಲೈಯಲ್ಲಿ ಬರೆದ ಒಂದು ತೀರ್ಪಲ್ಲಿ ಈ ಜಾಯಿಂಟ್ ಅಕೌಂಟಿನ ಮಾತು ಬಂದಿದೆ. ನಮ್ಮ ಕರ್ನಾಟಕ ಹೈಕೋರ್ಟಲ್ಲೇ ಇದ್ದವರು ಅವರು. ಕೇಸು ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ್ದು. ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಸಂಪಾದನೆ ಇಲ್ಲದ ಗೃಹಿಣಿಯರ ವಿಚಾರ ಎತ್ತಿ, ಮನೆ ನಡೆಸೋ ಹೆಂಡತಿಗೆ ಗಂಡ ದುಡ್ಡು ದೊರಕೋ ಹಾಗೆ ಮಾಡಬೇಕು ಅಂದ್ರು. ಜಂಟಿ ಖಾತೆ, ಎಟಿಎಂ ಎರಡನ್ನೂ ಹೆಸರೆತ್ತಿ ಹೇಳಿದ್ರು. ಇಷ್ಟು ದೊಡ್ಡ ಕೋರ್ಟು ಇಷ್ಟು ಚಿಕ್ಕ ಮನೆವಾರ್ತೆ ವಿಷಯ ಬರೆದದ್ದು ನಂಗೆ ಬಹಳ ಇಷ್ಟ ಆಯ್ತು.

ಅವನು: ಯುಪಿಐನಲ್ಲಿ ಈಗ ಇನ್ನೊಬ್ಬರಿಗೂ ಅವಕಾಶ ಕೊಡಬಹುದಂತಲ್ಲ, ಜಾಯಿಂಟ್ ಖಾತೆಯೇ ಬೇಡ ಅಂತ ನನ್ನ ಸ್ನೇಹಿತ ಹೇಳ್ತಿದ್ದ.

ಚಿಕ್ಕಮ್ಮ: ಯುಪಿಐ ಸರ್ಕಲ್. 2024ರ ಆಗಸ್ಟಲ್ಲಿ ಬಂತು. ನಿನ್ನ ಖಾತೆಯಿಂದ ಅವಳು ತನ್ನ ಫೋನಲ್ಲಿ ಕೊಡಬಹುದು. ಪೂರ್ತಿ ಅಧಿಕಾರ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ಮಿತಿ. ಇಲ್ಲವಾದ್ರೆ ಪ್ರತಿ ಸಲವೂ ನೀನು ಒಪ್ಪಿಗೆ ಒತ್ತಬೇಕು. ವಯಸ್ಸಾದ ಅಪ್ಪ ಅಮ್ಮನಿಗೆ, ಕಾಲೇಜಿಗೆ ಹೋಗೋ ಮಕ್ಕಳಿಗೆ ಅದು ಚೆನ್ನಾಗಿದೆ. ಹೆಂಡತಿ ಮಗಳಲ್ಲವಲ್ಲ. ನಿನ್ನಷ್ಟೇ ಅಧಿಕಾರ ಇರೋಳು ನಿನ್ನ ಪಾಕೆಟ್ ಮನಿ ಯಾಕೆ ತಗೋಬೇಕು?

ಅವನು: ಸರಿ. ಹಾಗಾದ್ರೆ ಸಂಬಳ ಪೂರ್ತಿ ಅದಕ್ಕೆ ಯಾಕೆ ಹಾಕಬಾರದು ಅಂದ್ರಿ? ಈಗ ಹೇಳಿ.

ಚಿಕ್ಕಮ್ಮ: 2016ರ ನವೆಂಬರ್ ನಿಂಗೆ ನೆನಪಿದೆಯಲ್ಲ, ಐನೂರು ಸಾವಿರದ ನೋಟು ನಿಲ್ಲಿಸಿದ್ದು? ನಾನಾಗ ಕೌಂಟರಿನ ಹಿಂದೆ ನಿಂತೇ ಊಟ ಮಾಡ್ತಿದ್ದೆ. ಎಷ್ಟು ಜನ ಹೆಂಗಸರು ಬಂದ್ರು ಅಂತೀಯ! ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ದೇವರ ಮನೆ ಮಣೆ ಕೆಳಗೆ, ರೇಷ್ಮೆ ಸೀರೆ ಮಡಿಕೆ ಒಳಗೆ ಇಟ್ಟಿದ್ದ ನೋಟುಗಳು. ಕೆಲವು ನೋಟು ಇನ್ನೂ ನುಸಿಗುಳಿಗೆ ವಾಸನೆ ಹೊಡೀತಿತ್ತು. ಒಬ್ಬಾಕೆ ಗಂಡ ಪಕ್ಕದ ಕ್ಯೂನಲ್ಲಿ ನಿಂತಿದ್ದಾನೆ ಅಂತ ಗೊತ್ತಾಗಿ ತಮ್ಮ ಸರದಿ ಬಿಟ್ಟು ಹಿಂದಕ್ಕೆ ಹೋಗಿ ನಿಂತ್ಕೊಂಡ್ರು. ಅವು ಕದ್ದ ದುಡ್ಡಲ್ಲ. ದಿನಸಿ ದುಡ್ಡಲ್ಲಿ ಹತ್ತು ಇಪ್ಪತ್ತು ಉಳಿಸಿ ವರ್ಷಗಟ್ಟಲೆ ಕೂಡಿಟ್ಟಿದ್ದು. ತವರಿಗೆ ಹೋದಾಗ ತಮ್ಮನ ಮಗುವಿನ ಕೈಗೆ ಐವತ್ತು ಕೊಡೋಕೆ, ಚೀಟಿ ಕಟ್ಟೋಕೆ, ಆಪತ್ತಿಗೆ. ಗೃಹಿಣಿಯರು ಆಗ ಕಟ್ಟಿದ ದುಡ್ಡು ಎರಡೂವರೆ ಲಕ್ಷದೊಳಗಿದ್ರೆ ಅದನ್ನ ಅವರ ಆದಾಯ ಅಂತ ಹಿಡಿಯಬಾರದು ಅಂತ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ 2021ರಲ್ಲಿ ತೀರ್ಪು ಕೊಟ್ಟಿದೆ. ಮನೆಯಲ್ಲಿ ಹೆಂಗಸರು ಹೀಗೆ ಉಳಿಸ್ತಾರೆ ಅನ್ನೋದನ್ನ ಅವರೂ ಒಪ್ಪಬೇಕಾಯ್ತು.

ಅವನು: ನನ್ನ ಹೆಂಡತಿಗೆ ಸಾಸಿವೆ ಡಬ್ಬಿ ಏನು ಬೇಕು, ಸಂಬಳ ಬರುತ್ತಲ್ಲ?

ಚಿಕ್ಕಮ್ಮ: ಬರೋ ಸಂಬಳವನ್ನ ಪೂರ್ತಿ ಜಾಯಿಂಟಿಗೆ ಹಾಕಿಸಿ, ಪ್ರತಿ ಖರ್ಚಿನ ಮೆಸೇಜೂ ನಿನ್ನ ಫೋನಲ್ಲಿ ಟಣ್ ಅಂದ್ರೆ, ಬೇಕಾಗುತ್ತೆ. ಅವಳು ಅಮ್ಮನಿಗೆ ಐದು ಸಾವಿರ ಕಳಿಸ್ತಾಳೆ ಅಂತಿಟ್ಕೋ. ನೀನು ಬೇಡ ಅನ್ನಲ್ಲ, ಒಳ್ಳೆಯವನು. ‘ಏನಾದ್ರೂ ತೊಂದರೆನಾ ಅತ್ತೆಗೆ?’ ಅಂತ ಕಾಳಜಿಯಿಂದಲೇ ಕೇಳ್ತೀಯ. ಮುಂದಿನ ತಿಂಗಳು ಕಳಿಸೋಕೆ ಮುಂಚೆ ಅವಳು ಒಂದು ಸಲ ಯೋಚನೆ ಮಾಡ್ತಾಳೆ. ನೀನು ನಿಮ್ಮಮ್ಮನಿಗೆ ಕಳಿಸೋವಾಗ ಯೋಚನೆ ಮಾಡ್ತೀಯಾ?

ಅವನು: …ಇಲ್ಲ.

ಚಿಕ್ಕಮ್ಮ: ಇನ್ನೇನು ಹೇಳಲಿ? ಇಬ್ಬರಿಗೂ ತಮ್ಮ ತಮ್ಮ ಸಂಬಳದ ಖಾತೆ ಹಾಗೇ ಇರಲಿ. ಮನೆ ಖರ್ಚಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಜಾಯಿಂಟಿಗೆ ಹೋಗಲಿ. ನಾನು ನೋಡಿದ ಹಾಗೆ, ಜಗಳ ಕಡಿಮೆ ಇರೋದು ಇಂಥ ಮನೆಗಳಲ್ಲೇ.

ಅವನು: ಅರ್ಧ ಅರ್ಧ ಹಾಕೋದಾ?

ಚಿಕ್ಕಮ್ಮ: ನಿನ್ನ ಕೈಗೆ ಎಷ್ಟು ಬರುತ್ತೆ, ಅವಳಿಗೆ ಎಷ್ಟು?

ಅವನು: ಹೆಚ್ಚುಕಡಿಮೆ ನನಗೆ 84,000. ಅವಳಿಗೆ 56,000. ಮನೆ ಖರ್ಚು ಬಾಡಿಗೆ ಸೇರಿ 55,000 ಆಗಬಹುದು.

ಚಿಕ್ಕಮ್ಮ: ಅರ್ಧ ಅರ್ಧ ಅಂದ್ರೆ ತಲಾ 27,500. ನಿನ್ನ ಕೈಲಿ 56,500 ಉಳಿಯುತ್ತೆ, ಅವಳ ಕೈಲಿ 28,500. ಸಮ ಅಂತ ಹೇಳ್ಕೊಂಡು ಹೆಚ್ಚುಕಡಿಮೆ ಅವಳ ಎರಡರಷ್ಟು ನೀನು ಇಟ್ಕೊಂಡ ಹಾಗಾಯ್ತು. ಸಂಬಳದ ಲೆಕ್ಕದಲ್ಲಿ ಹಾಕಿ. ನಿಮ್ಮದು ಮೂರಕ್ಕೆ ಎರಡು. ನೀನು 33,000, ಅವಳು 22,000. ಇಬ್ಬರ ಸಂಬಳದಲ್ಲೂ ಒಂದೇ ಪಾಲು ಹೋಯ್ತು, ನಿನಗೆ 51,000 ಉಳೀತು, ಅವಳಿಗೆ 34,000. ಇದು ನ್ಯಾಯ ಅಂತೀನಿ ನಾನು. ಅಡುಗೆ, ಬಟ್ಟೆ, ಪಾತ್ರೆ ಇವನ್ನ ಯಾರು ಮಾಡ್ತಾರೆ ಅನ್ನೋದನ್ನ ಈ ಲೆಕ್ಕಕ್ಕೆ ತಂದಿಲ್ಲ. ತಂದ್ರೆ ನೀನು ಇನ್ನಷ್ಟು ಹಾಕಬೇಕಾಗಬಹುದು.

ಅವನು: ನಾನೂ ಪಾತ್ರೆ ತೊಳೀತೀನಿ ಚಿಕ್ಕಮ್ಮಾ!

ಚಿಕ್ಕಮ್ಮ: ಭಾನುವಾರ. ಗೊತ್ತು ಬಿಡು. ಸಂಬಳ ಬಂದ ಮಾರನೇ ದಿನ ಜಾಯಿಂಟಿಗೆ ತಾನಾಗಿ ಹೋಗೋ ಹಾಗೆ ಇಬ್ಬರೂ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ‘ಈ ತಿಂಗಳು ನೀನಿನ್ನೂ ಹಾಕಿಲ್ಲ’ ಅಂತ ಒಬ್ಬರು ಇನ್ನೊಬ್ಬರಿಗೆ ನೆನಪಿಸೋ ಪ್ರಸಂಗ ಬರಬಾರದು. ಬಾಡಿಗೆ, ಕರೆಂಟು, ಗ್ಯಾಸು, ಇಂಟರ್ನೆಟ್ಟು ಎಲ್ಲ ಅದರಿಂದಲೇ ಹೋಗಲಿ. ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಇಬ್ಬರೂ ಕೂತು ನೋಡಿ. ಖಾತೆ ತೆರೆಯೋವಾಗ ಮಿನಿಮಮ್ ಬ್ಯಾಲೆನ್ಸ್ ಎಷ್ಟು ಅಂತ ಕೇಳಿ. ಸಂಬಳದ ಖಾತೆಯ ಹಾಗೆ ಇದಕ್ಕೆ ಜೀರೋ ಬ್ಯಾಲೆನ್ಸ್ ಸಿಗದೆ ಇರಬಹುದು.

ಅವನು: ತೆರಿಗೆ ತೊಂದರೆ ಏನಾದ್ರೂ ಬರುತ್ತಾ?

ಚಿಕ್ಕಮ್ಮ: ದಿನಸಿ ಖಾತೆಗೆ ಏನು ತೆರಿಗೆ! ಮೊದಲ ಹೆಸರಿನವರ ಪ್ಯಾನಿಗೆ ಬಡ್ಡಿ ತೋರಿಸುತ್ತೆ, ಅಷ್ಟು ನೆನಪಿಟ್ಕೋ. ಅದೇ ಖಾತೆಯಿಂದ ಎಫ್‌ಡಿ ಮಾಡಿಸೋಕೆ ಹೋದ್ರೆ ಬೇರೆ. ಹೆಂಡತಿಗೆ ನೀನು ದುಡ್ಡು ಕೊಟ್ಟರೆ ತೆರಿಗೆ ಇಲ್ಲ. ಆ ದುಡ್ಡನ್ನ ಅವಳ ಹೆಸರಲ್ಲಿ ಇಟ್ಟು ಬಂದ ಬಡ್ಡಿ ಮಾತ್ರ ನಿನ್ನ ಆದಾಯಕ್ಕೇ ಸೇರುತ್ತೆ. ತೆರಿಗೆ ಉಳಿಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ.

ಅವನು: ಕೇಳಬಾರದು, ಆದ್ರೂ ಕೇಳ್ತೀನಿ. ಮನಸ್ತಾಪ ಬಂದು ಒಬ್ಬರು ಪೂರ್ತಿ ದುಡ್ಡು ತೆಗೆದುಬಿಟ್ಟರೆ?

ಚಿಕ್ಕಮ್ಮ: ಕೇಳಲೇಬೇಕು. ಐದರ್ ಆರ್ ಸರ್ವೈವರ್ ಖಾತೆಯಲ್ಲಿ ಒಬ್ಬರೇ ಅಷ್ಟೂ ತೆಗೆದರೆ ಬ್ಯಾಂಕಿನ ತಪ್ಪಿಲ್ಲ, ಆ ಅಧಿಕಾರವನ್ನ ನೀವೇ ಬರೆದುಕೊಟ್ಟಿದ್ದೀರಿ. ಯಾರ ದುಡ್ಡು ಅನ್ನೋದನ್ನ ಆಮೇಲೆ ಕೋರ್ಟಲ್ಲಿ ನೋಡ್ಕೋಬೇಕು. ಒಬ್ಬರು ಮುಂಚೆಯೇ ಬ್ಯಾಂಕಿಗೆ ಪತ್ರ ಕೊಟ್ಟು ತಕರಾರಿದೆ ಅಂದ್ರೆ ಸಾಮಾನ್ಯವಾಗಿ ಇಬ್ಬರೂ ಸಹಿ ಹಾಕೋ ತನಕ ದುಡ್ಡು ಬಿಡಲ್ಲ. ಖಾತೆ ಮುಚ್ಚೋಕೆ, ನಿಯಮ ಬದಲಾಯಿಸೋಕೆ ಹೇಗಿದ್ರೂ ಇಬ್ಬರೂ ಬೇಕು. ಇಂಥ ಜೋಡಿಗಳು ನನ್ನ ಮೇಜಿನ ಮುಂದೆ ಎರಡು ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತಿದ್ದನ್ನ ನೋಡಿದ್ದೀನಿ. ಅದಕ್ಕೇ ಹೇಳೋದು, ಅಲ್ಲಿ ಒಂದೆರಡು ತಿಂಗಳ ಖರ್ಚಿಗಿಂತ ಜಾಸ್ತಿ ನಿಲ್ಲಿಸಬೇಡಿ. ಉಳಿತಾಯ ಬೇರೆ ಕಡೆ ಇರಲಿ.

ಅವನು: ಅವಳ ಸಾಲಕ್ಕೆ ನಾನು, ನನ್ನ ಸಾಲಕ್ಕೆ ಅವಳು ಸಿಕ್ಕಿ ಬೀಳ್ತೀವಾ?

ಚಿಕ್ಕಮ್ಮ: ಚೆಕ್ ವಿಚಾರದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಸ್ಪಷ್ಟ ಮಾಡಿದೆ. ಜಾಯಿಂಟ್ ಖಾತೆಯ ಚೆಕ್ಕು ಬೌನ್ಸ್ ಆದ್ರೆ ಸಹಿ ಹಾಕಿದವರ ಮೇಲೆ ಮಾತ್ರ ಕ್ರಿಮಿನಲ್ ಕೇಸು, ಸಹಿ ಹಾಕದವರ ಮೇಲೆ ಇಲ್ಲ. ಆದಾಯ ತೆರಿಗೆ ಇಲಾಖೆ ಒಬ್ಬರ ಬಾಕಿಗೆ ಖಾತೆ ಹಿಡಿದರೆ, ಬೇರೆ ಅಂತ ಸಾಬೀತು ಮಾಡೋ ತನಕ ಇಬ್ಬರ ಪಾಲೂ ಸಮ ಅಂತ ತಿಳೀತಾರೆ. ವ್ಯಾಪಾರ ಮಾಡೋರು, ಸಾಲ ಜಾಸ್ತಿ ಇರೋರು ಮನೆ ಖರ್ಚಿನ ಖಾತೆಯನ್ನ ಅಂಗಡಿ ವ್ಯವಹಾರಕ್ಕೆ ಬೆರೆಸಬಾರದು ಅನ್ನೋದು ಇದಕ್ಕೇ.

ಅವನು: ಸರ್ವೈವರ್ ಅಂತ ಇದ್ದ ಮೇಲೆ ನಾಮಿನಿ ಬೇಕಾಗಲ್ಲ ಅಲ್ವಾ?

ಚಿಕ್ಕಮ್ಮ: ಬೇಕು. ಇಬ್ಬರೂ ಒಟ್ಟಿಗೇ ಕಾರಲ್ಲಿ ಓಡಾಡ್ತೀರಲ್ಲ! ಜಾಯಿಂಟ್ ಖಾತೆಯಲ್ಲಿ ನಾಮಿನಿಗೆ ಹಕ್ಕು ಬರೋದು ಇಬ್ಬರೂ ಇಲ್ಲದ ಮೇಲೆ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ಹೆಸರು ಕೊಡಬಹುದು. ಇನ್ನೊಂದು ಮಾತು, ಇದನ್ನ ನಿಮ್ಮಮ್ಮನ ಮುಂದೆ ಹೇಳೋಕೆ ನಂಗೆ ಮುಜುಗರ. ನಿಂಗೇನಾದ್ರೂ ಆದ್ರೆ ಬ್ಯಾಂಕು ಆ ಖಾತೆಯ ದುಡ್ಡನ್ನ ನಿನ್ನ ಹೆಂಡತಿಗೆ ಕೊಡುತ್ತೆ, ಅಲ್ಲಿಗೆ ಬ್ಯಾಂಕಿನ ಜವಾಬ್ದಾರಿ ಮುಗೀತು. ಕೈಗೆ ಬಂತು ಅಂದ ಮಾತ್ರಕ್ಕೆ ನಿನ್ನ ಪಾಲಿನ ದುಡ್ಡು ಪೂರ್ತಿ ಅವಳದೇ ಆಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ಅಪ್ಪ ಅಲ್ಲ, ಅಮ್ಮ. ಮಗ ಹೋದ ಮೇಲೆ ಅತ್ತೆ ಸೊಸೆ ಈ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದ ಮನೆಗಳಿವೆ. ಯಾರಿಗೆ ಏನು ಹೋಗಬೇಕು ಅಂತ ಮನಸ್ಸಲ್ಲಿದೆಯೋ ಅದನ್ನ ಉಯಿಲಲ್ಲಿ ಬರೀಬೇಕು, ಬ್ಯಾಂಕ್ ಫಾರಂನಿಂದ ಅದು ಆಗಲ್ಲ.

ಅವನು: ಮೂವತ್ತು ವಯಸ್ಸಿಗೆ ಉಯಿಲಾ!

ಚಿಕ್ಕಮ್ಮ: ಒಂದು ಬಿಳಿ ಹಾಳೆ, ಇಬ್ಬರು ಸಾಕ್ಷಿ ಸಾಕು, ಸ್ಟ್ಯಾಂಪ್ ಪೇಪರೂ ಬೇಕಿಲ್ಲ. ಈಗಲೇ ಬೇಡ ಅನ್ನಿಸಿದ್ರೆ ಮನೆ ಸೈಟು ಅಂತ ಆದಾಗ ಬರಿ. ಖಾತೆ ಮಾತ್ರ ತಡ ಮಾಡದೆ ಮಾಡಿಸು.

ಅವನು: ಏನೇನು ತಗೊಂಡು ಹೋಗಬೇಕು?

ಚಿಕ್ಕಮ್ಮ: ಇಬ್ಬರ ಆಧಾರ್, ಪ್ಯಾನ್, ಫೋಟೋ. ಮದುವೆಯಾದ ಮೇಲೆ ಅವಳ ಹೆಸರು, ವಿಳಾಸ ಏನಾದ್ರೂ ಬದಲಾಗಿದ್ರೆ ಆಧಾರಲ್ಲೂ ಪ್ಯಾನಲ್ಲೂ ಒಂದೇ ಥರ ಇದೆಯಾ ನೋಡ್ಕೊಳ್ಳಿ, ಅರ್ಧ ಅರ್ಜಿಗಳು ವಾಪಸ್ ಬರೋದೇ ಅದಕ್ಕೆ. ಐದರ್ ಆರ್ ಸರ್ವೈವರ್ ಅಂತ ನೀವೇ ಓದಿ ಟಿಕ್ ಮಾಡಿ. ಎರಡು ಕಾರ್ಡು, ಎರಡು ಫೋನ್ ನಂಬರು, ಇಬ್ಬರಿಗೂ ಮೆಸೇಜು ಅಂತ ಬಾಯಿಬಿಟ್ಟು ಕೇಳಿ. ಮೊದಲ ಹೆಸರು ಅವಳದೇ ಇರಲಿ ಅಂತ ನನ್ನ ಅಭಿಪ್ರಾಯ, ದಿನದ ಖರ್ಚು ಜಾಸ್ತಿ ಅವಳ ಕೈಯಿಂದಲೇ ಆಗೋದು. ಅದನ್ನ ಅವಳ ಹತ್ರ ಕೇಳಿ ತೀರ್ಮಾನ ಮಾಡು. ಅಂದಹಾಗೆ, ಇಷ್ಟೂ ಹೊತ್ತು ಅವಳ ದುಡ್ಡಿನ ಲೆಕ್ಕ ಹಾಕಿದ್ದು ನಾವಿಬ್ಬರು. ಭಾನುವಾರ ಅವಳನ್ನ ಊಟಕ್ಕೆ ಕರ್ಕೊಂಡು ಬಾ, ಅವಳು ಏನಂತಾಳೆ ಅಂತ ಕೇಳೋಣ. ಬ್ಯಾಂಕಿಗೆ ಸೋಮವಾರ ಹೋದ್ರಾಯ್ತು, ಅಲ್ಲಿ ಹೇಗಿದ್ರೂ ಇಬ್ಬರ ಸಹಿ ಇಲ್ಲದೆ ಅರ್ಜಿ ತಗೊಳ್ಳಲ್ಲ.